ಕುಲುಕಬಾರದ ಸೀಸೆ

ನರ್ಸಿಂಗ್ ಮುಗಿಸಿ ಮೊದಲ ಸಲ ವಾರ್ಡಿಗೆ ಕಾಲಿಡುವ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಮೊದಲು ಏನು ಕಲೀಬೇಕು?" ಕೈಯನ್ನು ಸುಮ್ಮನಿರಿಸಲು ಕಲಿಯಿರಿ ಎನ್ನುತ್ತೇನೆ. ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಸುಮ್ಮನಿರಲಾರದ ಈ ಎರಡು ಕೈಗಳು ಒಮ್ಮೆ ಬೋರೇಗೌಡ ಎಂಬ ಮನುಷ್ಯನ ಜೀವವನ್ನು ಹತ್ತು ನಿಮಿಷ ನೇತುಹಾಕಿ ನಿಲ್ಲಿಸಿದ್ದವು. ಕೆಲವು ವರ್ಷಗಳ ಮೇಲೆ ಇದೇ ಕೈ ಬರೆದ ಒಂದು ಚೀಟಿ ಅದೇ ಮನುಷ್ಯನನ್ನು ಇನ್ನೊಂದು ಸಲ ಗಂಡಾಂತರಕ್ಕೆ ದೂಡಿತ್ತು.

ಬಡ್ತಿ ಯಾವಾಗ ಬಂತು, ಯಾರು ತಡೆದರು ಎಂಬುದನ್ನು ಬರೆಯಲು ಕೂತರೆ ನನಗೇ ಆಕಳಿಕೆ ಬರುತ್ತದೆ. ಅದನ್ನು ಬಿಟ್ಟುಬಿಡುತ್ತೇನೆ. ನಾನು ಸುಶೀಲ, ಮಂಡ್ಯ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ತೊಂಬತ್ತರ ದಶಕದಲ್ಲಿ ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ ಎಂದು ನಾಲ್ಕು ಊರು ಸುತ್ತಿದೆ. ಹೋದಲ್ಲೆಲ್ಲ ನನ್ನ ಬೆನ್ನು ಬಿಡದೆ ಬಂದದ್ದು ರಕ್ತದ ಹೆಪ್ಪು, ಮತ್ತು ಆ ಹೆಪ್ಪನ್ನು ಕರಗಿಸುವ ಒಂದು ಕಿಣ್ವ.

ನಾಗಮಂಗಲದಲ್ಲಿ ರಾಗಿ ಕೊಯ್ಲು ಶುರುವಾದರೆ ಹಾವು ಕಡಿದವರು ಬರತೊಡಗುತ್ತಿದ್ದರು. ಅಲ್ಲಿ ನಮ್ಮ ಹೆಡ್ ನರ್ಸ್ ಫಿಲೋಮಿನಾ ಸಿಸ್ಟರ್. ಅವರಿಗೆ ಯಂತ್ರಗಳ ಮೇಲೆ ನಂಬಿಕೆ ಕಡಿಮೆ, ಗಾಜಿನ ನಳಿಗೆಯ ಮೇಲೆ ಜಾಸ್ತಿ. ರೋಗಿಯ ರಕ್ತವನ್ನು ಚಿಕ್ಕ ಗಾಜಿನ ನಳಿಗೆಗೆ ಹಾಕಿ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಬೇಕು. ಇಪ್ಪತ್ತು ನಿಮಿಷ ಯಾರೂ ಮುಟ್ಟಕೂಡದು. ಆಮೇಲೆ ಮೆಲ್ಲಗೆ ಓರೆ ಮಾಡಬೇಕು. ರಕ್ತ ಮೊಸರಿನ ಹಾಗೆ ಗಟ್ಟಿಯಾಗಿದ್ದರೆ ಸದ್ಯಕ್ಕೆ ಬಚಾವು. ನೀರಿನಂತೆ ಹರಿದರೆ ಕೊಳಕುಮಂಡಲ ಹಾವಿನ ವಿಷ ಏರಿದೆ ಎಂದರ್ಥ, ವಿಷಕ್ಕೆ ಪ್ರತಿಮದ್ದು ಏರಿಸಬೇಕು.

ಹೊಸದಾಗಿ ಹೋದವಳು ನಾನು. ನಳಿಗೆಗಳು ಮಂಕಾಗಿವೆಯಲ್ಲ ಎಂದು ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕಿ ತಿಕ್ಕಿ ಫಳಫಳ ಮಾಡಿಟ್ಟೆ. ಅದೇ ದಿನ ಮಧ್ಯಾಹ್ನ ಒಬ್ಬ ರೈತ, ಕಡಿದ ಹಾವನ್ನು ಹೊಡೆದು ಟವೆಲಿನಲ್ಲಿ ಗಂಟು ಕಟ್ಟಿಕೊಂಡೇ ಬಂದ. ನೋಡಿದರೆ ಅದು ವಿಷವಿಲ್ಲದ ನೀರೊಳ್ಳೆ. ಆದರೂ ನಳಿಗೆಯಲ್ಲಿ ಅವನ ರಕ್ತ ಹೆಪ್ಪುಗಟ್ಟಲಿಲ್ಲ. ಡಾಕ್ಟರು ಪ್ರತಿಮದ್ದು ತರಲು ಹೇಳಿಯೇಬಿಟ್ಟರು. ಫಿಲೋಮಿನಾ ಸಿಸ್ಟರ್ ಮಾತ್ರ ಕಟ್ಟೆಯ ಮೇಲಿದ್ದ ಇನ್ನೊಂದು ನಳಿಗೆ ಎತ್ತಿ ಮೂಸಿದರು. ನನ್ನ ತೋಳು ಹಿಡಿದು, ನನ್ನದೇ ರಕ್ತ ಎಳೆದು, ನಾನು ತೊಳೆದಿಟ್ಟ ನಳಿಗೆಗೇ ಹಾಕಿದರು. ಇಪ್ಪತ್ತು ನಿಮಿಷದ ಮೇಲೆ ಓರೆ ಮಾಡಿದರೆ ಅದೂ ಹರಿಯಿತು.

"ನಿನಗೂ ಹಾವು ಕಚ್ಚಿದೆಯಾ ಸುಶೀಲ?" ಎಂದು ಕೇಳಿದರು, ಇಡೀ ವಾರ್ಡಿಗೆ ಕೇಳಿಸುವ ಹಾಗೆ.

ಸೋಪು ಸೋಕಿದ ಗಾಜಿನಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಹೋಗಬಹುದು. ಆ ರೈತ ಸಂಜೆ ಬಸ್ಸಿಗೆ ಮನೆಗೆ ಹೋದ. ಅವನ ಮುಂದೆ ನನಗಾದ ನಾಚಿಕೆ ಎಷ್ಟೋ ದಿನ ಇತ್ತು. ಕೆಲಸದಲ್ಲಿ ಉತ್ಸಾಹವೂ ಒಂದು ಅಪಾಯವೇ ಎಂದು ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಅಲ್ಲಿಂದ ಪಾಂಡವಪುರ. ಅಲ್ಲಿಯ ಡಾಕ್ಟರು ನಂಜುಂಡಯ್ಯ ಬಡಕಲು ದೇಹದವರು, ಜೋರಾಗಿ ಮಾತಾಡಿದ್ದನ್ನು ನಾನು ಒಂದು ಸಲ ಬಿಟ್ಟರೆ ಕಂಡಿಲ್ಲ. ಬೈಯುವ ಮೇಲಧಿಕಾರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವರನ್ನು ಸಹಿಸುವುದು ಸುಲಭ. ಇವರು ತಪ್ಪು ಮಾಡಿದವರನ್ನು ಸುಮ್ಮನೆ ನೋಡುತ್ತಿದ್ದರು. ಒಂದು ದಿನ ಮೈಸೂರಿನಿಂದ ಬರುವಾಗ ಐಸ್ ತುಂಬಿದ ಫ್ಲಾಸ್ಕಿನಲ್ಲಿ ಒಂದು ಪುಟ್ಟ ಸೀಸೆ ತಂದರು. ಒಳಗೆ ತಳದಲ್ಲಿ ಬಿಳಿ ಪುಡಿ.

"ಸಿಸ್ಟರ್, ಇದರ ಹೆಸರು ಸ್ಟ್ರೆಪ್ಟೋಕೈನೇಸ್. ಹೃದಯಾಘಾತ ಆದವರಿಗೆ ಕೊಡೋದು. ತಾಲ್ಲೂಕಿಗೆಲ್ಲ ಸದ್ಯಕ್ಕೆ ಇದೊಂದೇ ಸೀಸೆ. ಡಬ್ಬದೊಳಗಿರೋ ಚೀಟಿ ಓದ್ಕೊಂಡು ಫ್ರಿಜ್ಜಲ್ಲಿಡಿ."

ಫ್ರಿಜ್ಜಿನಲ್ಲಿಟ್ಟೆ, ಪೋಲಿಯೋ ಹನಿಯ ಪಕ್ಕದಲ್ಲಿ. ಚೀಟಿಯ ಅಕ್ಷರ ಸಾಸಿವೆ ಕಾಳಿಗಿಂತ ಸಣ್ಣದಿತ್ತು. ಬಿಡುವಾದಾಗ ಓದೋಣ ಎಂದು ಮಡಿಸಿ ಡಬ್ಬದೊಳಗೆ ಸೇರಿಸಿದೆ.

ಆ ಔಷಧಿ ಏನು ಮಾಡುತ್ತದೆ ಎಂದು ಡಾಕ್ಟರು ಮಜ್ಜಿಗೆ ಕುಡಿಯುತ್ತ ವಿವರಿಸಿದ್ದು ಇಂದಿಗೂ ನೆನಪಿದೆ. ಗಾಯವಾದ ಕಡೆ ರಕ್ತ ಹೆಪ್ಪುಗಟ್ಟುತ್ತದೆ. ನಾಲೆ ಒಡೆದ ಕಡೆ ಮಣ್ಣು ಹಾಕಿದ ಹಾಗೆ. ಗಾಯ ಮಾಗಿದ ಮೇಲೆ ಆ ಮಣ್ಣನ್ನು ಯಾರಾದರೂ ತೆಗೆಯಬೇಕಲ್ಲ? ಅದಕ್ಕೆ ಪ್ಲಾಸ್ಮಿನ್ ಎಂಬ ಕಿಣ್ವ ಇದೆ. ಊರಿನ ನೀರುಗಂಟಿಯಂತೆ, ತೆಗೆಯಬೇಕಾದಾಗ ತೆಗೆದು ನೀರು ಹರಿಸುವವನು. ಯಾವಾಗಲೂ ರಕ್ತದಲ್ಲೇ ಇರುತ್ತಾನೆ, ಆದರೆ ನಿದ್ದೆಯಲ್ಲಿ. ಕರೆದಾಗ ಏಳುತ್ತಾನೆ, ಅಗತ್ಯವಿದ್ದಷ್ಟು ಕರಗಿಸಿ ಮತ್ತೆ ತಣ್ಣಗಾಗುತ್ತಾನೆ. ಹಾವಿನ ವಿಷ ಹೊಕ್ಕರೆ ಈ ಲೆಕ್ಕ ತಪ್ಪುತ್ತದೆ. ಮೈತುಂಬ ಸಣ್ಣ ಸಣ್ಣ ಹೆಪ್ಪು ಕಟ್ಟಿ ಹೆಪ್ಪಿನ ಸಾಮಗ್ರಿಯೇ ಮುಗಿದುಹೋಗುತ್ತದೆ, ಇವನೂ ಹುಚ್ಚೆದ್ದು ಕರಗಿಸುತ್ತಾನೆ, ಕೊನೆಗೆ ಒಸಡಿನಿಂದಲೂ ರಕ್ತ. ಹೃದಯಾಘಾತದಲ್ಲಿ ತದ್ವಿರುದ್ಧ. ಹೃದಯದ ರಕ್ತನಾಳದಲ್ಲಿ ಬೇಡದ ಹೆಪ್ಪು ಕೂತಿರುತ್ತದೆ, ಇವನು ಏಳುವುದು ಸಾಲದು. ಆ ಪುಡಿಯನ್ನು ಕೊಟ್ಟರೆ ಅದು ಇವನನ್ನು ಅಲ್ಲಾಡಿಸಿ ಎಬ್ಬಿಸುತ್ತದೆ.

"ಎಬ್ಬಿಸೋದು ಯಾರು ಗೊತ್ತಾ? ಗಂಟಲುನೋವು ತರೋ ಒಂದು ಕ್ರಿಮಿ ಇದೆ, ಅದರಿಂದ ತೆಗೆದ ವಸ್ತು" ಎಂದು ಡಾಕ್ಟರು ನಕ್ಕರು. ಶತ್ರುವಿನ ಮನೆಯಿಂದ ಔಷಧಿ ತಂದ ಬುದ್ಧಿಗೆ ನಾನು ಬೆರಗಾದೆ.

ಆಮೇಲೆ ಬಂದವರು ಬೋರೇಗೌಡರು. ಕಬ್ಬು ಅರೆಯುವ ಕಾಲ. ಹೊರರೋಗಿಗಳ ಸಾಲು ಬಾಗಿಲು ದಾಟಿದ್ದ ಹೊತ್ತಿನಲ್ಲಿ ಒಂದು ಟ್ರಾಕ್ಟರು ನೇರವಾಗಿ ಮೆಟ್ಟಿಲವರೆಗೆ ಬಂತು. ಹಿಂದಿನ ಟ್ರೈಲರಿನಲ್ಲಿ ಕಬ್ಬಿನ ಸೋಗೆಯ ಮೇಲೆ ಐವತ್ತು ದಾಟಿದ ಗಟ್ಟಿಮುಟ್ಟಾದ ಆಳು, ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಮಲಗಿದ್ದರು. ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. ಮುಂಗೈಯ ಮೇಲೆ ಬೆಲ್ಲದ ಪಾಕ ಸಿಡಿದ ಹಳೆಯ ಸುಟ್ಟ ಕಲೆಗಳು. ಸ್ವಂತ ಆಲೆಮನೆಯಿದ್ದವರು, ಬೆಲ್ಲ ಕಾಯಿಸುವುದರಲ್ಲಿ ಸುತ್ತಮುತ್ತ ಹೆಸರಾದವರು. ಜೊತೆಗೆ ಅವರ ಹೆಂಡತಿ ಸಣ್ಣಮ್ಮ.

"ಗ್ಯಾಸು ಕನವ್ವ" ಎಂದರು ಬೋರೇಗೌಡರು. "ಜೀರ್ಗೆ ಕಸಾಯ ಕುಡ್ದೆ, ಸೋಡಾ ಕುಡ್ದೆ. ಒಂದ್ ತೇಗೂ ಬರ್ಲಿಲ್ಲ."

ಡಾಕ್ಟರು ಕೇಳಿದರು, "ನೋವು ಎಷ್ಟು ಗಂಟೆಗೆ ಶುರುವಾಯ್ತು?"

"ಬೆಳಿಗ್ಗಿಂದ್ಲೂ ಅದೆ ಸಾ."

"ಬೆಳಿಗ್ಗೆ ಎಷ್ಟು ಗಂಟೆಗೆ?"

"ಆಲೆಮನೇಲಿ ಗಡಿಯಾರ ಯಾರ್ ನೋಡ್ಕಂಡ್ ಕುಂತಿದ್ದಾರು ಸಾ?" ಎಂದರು ಸಣ್ಣಮ್ಮ.

ಡಾಕ್ಟರಿಗೆ ಆ ಗಂಟೆ ತಿಳಿಯಲೇಬೇಕಿತ್ತು. ನೋವು ಶುರುವಾಗಿ ಬಹಳ ಹೊತ್ತಾಗಿದ್ದರೆ ಆ ಔಷಧಿಯಿಂದ ಉಪಯೋಗವಿಲ್ಲ. ನಾನು ಮಧ್ಯೆ ಬಾಯಿ ಹಾಕಿದೆ. "ಡೈರಿಗೆ ಹಾಲು ಹಾಕೋಕೆ ಮುಂಚೆಯೋ, ಹಾಕಿದ ಮೇಲೋ?"

"ಆಲ್ ಆಕ್ಬುಟ್ಟು ಕ್ಯಾನ್ ಇಡ್ಕಂಡ್ ಬತ್ತಿದ್ದೆ. ಒಲೆ ಮುಂದೆ ಕುಂತಿದ್ದೋರು ಅಂಗೇ ಎದೆ ಇಡ್ಕಂಡ್ರು."

ಆ ಕಡೆಯ ಡೈರಿ ಬಾಗಿಲು ಹಾಕುವುದು ಏಳಕ್ಕೆ. ಆಗ ಹತ್ತು ಹೊಡೆದಿತ್ತು. ಅಂದರೆ ಮೂರು ಗಂಟೆ, ಇನ್ನೂ ಹೊತ್ತು ಮೀರಿಲ್ಲ. ಡಾಕ್ಟರು ನನ್ನ ಕಡೆ ನೋಡಿ ತಲೆಯಾಡಿಸಿದರು. ಇಸಿಜಿ ಪಟ್ಟಿಯಲ್ಲಿ ಗೆರೆ ಗೋಪುರದ ಹಾಗೆ ಎದ್ದಿತ್ತು. ಎಲ್ಲಾದರೂ ಗಾಯವಾಗಿದೆಯೇ, ಮಲ ಕಪ್ಪಗೆ ಹೋಗಿತ್ತೇ ಎಂದು ಡಾಕ್ಟರು ಒಂದೊಂದಾಗಿ ಕೇಳಿದರು. ಇಲ್ಲ, ಇಲ್ಲ ಎಂದರು ಗಂಡಹೆಂಡಿರಿಬ್ಬರೂ.

"ಸಿಸ್ಟರ್, ಸೀಸೆ ತನ್ನಿ."

ತಂದೆ. ಸಲೈನ್ ಸೇರಿಸಿದೆ. ಆಮೇಲೆ, ಅದುವರೆಗೆ ದಿನಕ್ಕೆ ಇಪ್ಪತ್ತು ಸಲ ಪೆನ್ಸಿಲಿನ್ ಸೀಸೆಗೆ ಮಾಡುತ್ತ ಬಂದಿದ್ದನ್ನೇ ಇದಕ್ಕೂ ಮಾಡಿದೆ. ಮುಷ್ಟಿಯಲ್ಲಿ ಹಿಡಿದು ಗಲಗಲ ಕುಲುಕಿದೆ. ನಾಲ್ಕು ಸಲ ಕುಲುಕಿದ್ದೇನೋ. ಡಾಕ್ಟರು "ಅಯ್ಯೋ" ಎಂದರು. ಅವರು ದನಿಯೆತ್ತಿದ್ದನ್ನು ಕೇಳಿದ್ದು ಅದೊಂದೇ ಸಲ. ಸೀಸೆ ನೋಡಿದರೆ ಒಳಗೆ ಕತ್ತಿನವರೆಗೂ ನೊರೆ.

ಡಬ್ಬದಲ್ಲಿ ಮಡಿಸಿಟ್ಟ ಚೀಟಿಯನ್ನು ಡಾಕ್ಟರು ಬಿಡಿಸಿ ಓದಿದರು. ಕುಲುಕಬಾರದು, ಮೆಲ್ಲಗೆ ಉರುಳಿಸಿ ಕರಗಿಸಬೇಕು. ಕುಲುಕಿದರೆ ಒಳಗೆ ಲೋಳೆಯಂಥ ಎಳೆಗಳು ಕಟ್ಟಿಕೊಳ್ಳಬಹುದು, ಹೆಚ್ಚು ಎಳೆಗಳಿದ್ದರೆ ಬಿಸಾಡಬೇಕು. ತಾಲ್ಲೂಕಿಗೆಲ್ಲ ಒಂದೇ ಸೀಸೆ. ಮೈಸೂರಿನಿಂದ ಇನ್ನೊಂದು ತರಿಸುವಷ್ಟರಲ್ಲಿ ಆ ಹೃದಯದ ಎಷ್ಟು ಭಾಗ ಉಳಿದಿರುತ್ತದೋ. ಡಾಕ್ಟರು ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಲ್ಲಿಡಿ. ನೊರೆ ಇಳೀಲಿ" ಎಂದರು.

ನಾನು ಸೀಸೆಯನ್ನು ಟ್ರೇಯಲ್ಲಿಟ್ಟೆ. ನೋವಿನಲ್ಲಿ ಹಲ್ಲು ಕಚ್ಚಿ ಮಲಗಿದ್ದ ಬೋರೇಗೌಡರು ಕತ್ತು ತಿರುಗಿಸಿ ಅದನ್ನೇ ನೋಡಿದರು.

"ನೊರೆ ಬಂತಾ ನರ್ಸಮ್ಮ? ನಮ್ ಬೆಲ್ಲದ ಕೊಪ್ರಿಗೇಲೂ ಬತ್ತದೆ. ಒಂದ್ ತೊಟ್ಟು ಅಳ್ಳೆಣ್ಣೆ ಬುಡಿ, ಕುಂತ್ಕತದೆ."

"ರೀ, ನೀವ್ ಸುಮ್ಕಿರಿ" ಎಂದು ಸಣ್ಣಮ್ಮ ಗದರಿದರು.

"ಎಣ್ಣೆ ಇಲ್ದಿದ್ರೆ ಕಲಕ್ಬ್ಯಾಡಿ. ಅದ್ರ ಪಾಡ್ಗೆ ಬುಟ್ರೆ ತಾನೇ ಇಳೀತದೆ."

ಸಾವಿನ ಬಾಗಿಲಲ್ಲಿದ್ದ ಮನುಷ್ಯ ನನಗೆ ಧೈರ್ಯ ಹೇಳುತ್ತಿದ್ದರು. ನನಗೆ ಅಳು ಬಂತು. ಹತ್ತು ನಿಮಿಷ ಆ ಕೋಣೆಯಲ್ಲಿ ಎಲ್ಲರೂ ಒಂದು ಪುಟ್ಟ ಸೀಸೆಯನ್ನು ನೋಡುತ್ತ ನಿಂತೆವು. ನೊರೆ ಇಳಿಯಿತು. ಡಾಕ್ಟರು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರು. ತಿಳಿನೀರಿನ ಹಾಗಿತ್ತು, ಎಳೆಗಳಿರಲಿಲ್ಲ. "ಪುಣ್ಯ ಇದೆ ಸಿಸ್ಟರ್" ಎಂದರು. ಯಾರ ಪುಣ್ಯ ಎಂದು ಹೇಳಲಿಲ್ಲ.

ಡ್ರಿಪ್ ಹತ್ತಿಸಿದೆವು. ಸ್ವಲ್ಪ ಹೊತ್ತಿಗೆ ರಕ್ತದೊತ್ತಡ ಕುಸಿಯಿತು. ಡ್ರಿಪ್ ನಿಧಾನ ಮಾಡಿ ಕಾಲನ್ನು ಎತ್ತರಕ್ಕಿಟ್ಟೆವು, ಸರಿಹೋಯಿತು. ಮುಗಿಯುತ್ತ ಬಂದಾಗ ಬೋರೇಗೌಡರು ಸೊಂಟದ ಕೆಳಗೆ ಏನೋ ಬಿಗಿಯುತ್ತಿದೆ ಎಂದರು. ನೋಡಿದರೆ ಕುಂಡಿಯ ಮೇಲೆ ತೆಂಗಿನಕಾಯಿಯಷ್ಟು ಊತ, ನೇರಳೆ ಬಣ್ಣ. ನಡುವೆ ಒಂದು ಸೂಜಿಯ ಗುರುತು.

"ಎಲ್ಲಿ ಇಂಜೆಕ್ಷನ್ ಹಾಕಿಸಿದಿರಿ?" ಎಂದೆ.

ಸಣ್ಣಮ್ಮ ಸೆರಗು ತಿರುಚುತ್ತ ನಿಂತರು. "ಬರ್ತಾ ದಾರೀಲಿ ಊರ್ ಡಾಕ್ಟ್ರತ್ರ ಒಂದ್ ಸೂಜಿ ಆಕ್ಸುದ್ವಿ ಕನವ್ವ."

"ಡಾಕ್ಟರು ಕೇಳಿದಾಗ ಇಲ್ಲ ಅಂದ್ರಲ್ಲ!"

"ಗಾಯ ಆಗದಾ ಅಂದ್ರು, ಸೂಜಿ ಗಾಯವಾ? ಅದೂ ಅಲ್ದೆ ಬ್ಯಾರೆಯೋರತ್ರ ಓಗಿ ಬಂದ್ವಿ ಅಂದ್ರೆ ದೊಡ್ಡ್ ಡಾಕ್ಟ್ರುಗೆ ಕ್ವಾಪ ಬತ್ತದೇನೋ ಅಂತ."

ನೀರುಗಂಟಿಯನ್ನು ಎಬ್ಬಿಸಿದರೆ ಅವನಿಗೆ ಬೇಕಾದ ಕಟ್ಟೆ, ಬೇಡದ ಕಟ್ಟೆ ಎಂಬ ಭೇದವಿಲ್ಲ. ಹೃದಯದ ಹೆಪ್ಪನ್ನೂ ಕರಗಿಸುತ್ತಾನೆ, ಸೂಜಿ ಚುಚ್ಚಿದ ತೂತಿನ ಹೆಪ್ಪನ್ನೂ ಕರಗಿಸುತ್ತಾನೆ. ಐಸ್ ಇಟ್ಟು, ಮಧ್ಯಾಹ್ನದವರೆಗೆ ಅಂಗೈಯಿಂದ ಒತ್ತಿ ಹಿಡಿದು ಕೂತೆ. ನನ್ನ ತಪ್ಪಿಗೆ ಅಷ್ಟಾದರೂ ಮಾಡಬೇಕೆನಿಸಿತ್ತು. ಊತ ಅಲ್ಲಿಗೇ ನಿಂತಿತು. ಎದೆನೋವು ಹೋಯಿತು, ಇಸಿಜಿಯ ಗೋಪುರ ಇಳಿಯಿತು. ಸಂಜೆಗೆ ಬೋರೇಗೌಡರು ಎದ್ದು ಕೂತು ಆಲೆಮನೆಯ ಒಲೆ ಏನಾಯಿತೋ ಎಂದು ಚಿಂತಿಸತೊಡಗಿದರು.

ಅಂದಿನಿಂದ ನಾನು ಪ್ರಶ್ನೆ ಕೇಳುವ ರೀತಿ ಬದಲಾಯಿತು. ಗಂಟೆ ಕೇಳುವ ಬದಲು ಡೈರಿ, ಬಸ್ಸು, ಸ್ಕೂಲಿನ ಗಂಟೆ ಕೇಳಿದೆ. ಗಾಯ ಎನ್ನುವ ಬದಲು, ಎಲ್ಲಾದರೂ ಸೂಜಿ ಹಾಕಿಸಿದಿರಾ, ಹಲ್ಲು ಕೀಳಿಸಿದಿರಾ, ಬರೆ ಹಾಕಿಸಿದಿರಾ, ಹೇಳಿದರೆ ಯಾರೂ ಬೈಯುವುದಿಲ್ಲ ಎಂದೆ. ಆ ಕೊನೆಯ ಮಾತು ಇಲ್ಲದಿದ್ದರೆ ಮೊದಲಿನ ಮೂರಕ್ಕೂ ಉತ್ತರ ಸಿಗುತ್ತಿರಲಿಲ್ಲ.

ಮನೆಗೆ ಹೋಗುವ ದಿನ ಡಾಕ್ಟರು ನನ್ನನ್ನು ತಮ್ಮ ಕೋಣೆಗೆ ಕರೆದು ಹೇಳಿದರು, "ಇವರಿಗೆ ಒಂದು ಚೀಟಿ ಬರೆದುಕೊಡಿ. ಮೈ ಈಗ ಆ ಕ್ರಿಮಿಯ ವಸ್ತುವನ್ನು ಗುರುತಿಟ್ಟುಕೊಳ್ಳತ್ತೆ. ಮುಂದೆ ಇನ್ನೊಂದು ಸಲ ಕೊಟ್ಟರೆ ಮೈಯೇ ಅದನ್ನ ಹೊಡೆದುಹಾಕತ್ತೆ. ಔಷಧಿ ಕೆಲಸ ಮಾಡಲ್ಲ, ಅಲರ್ಜಿಯಾಗಿ ಪ್ರಾಣಕ್ಕೂ ಬರಬಹುದು."

ನನ್ನ ಅಕ್ಷರ ದುಂಡಗಿದೆ ಎಂದು ನನಗೆ ಸ್ವಲ್ಪ ಜಂಬ. ಗಟ್ಟಿ ರಟ್ಟಿನ ಮೇಲೆ ಕೆಂಪು ಮಸಿಯಲ್ಲಿ ಬರೆದೆ: "ಶ್ರೀ ಬೋರೇಗೌಡರಿಗೆ ಸ್ಟ್ರೆಪ್ಟೋಕೈನೇಸ್ ಔಷಧಿ ಕೊಡಲಾಗಿದೆ. ಈ ಔಷಧಿಯನ್ನು ಒಬ್ಬರಿಗೆ ಒಂದು ಸಲ ಮಾತ್ರ ಕೊಡುವುದು. ಮತ್ತೆ ಕೊಡಕೂಡದು." ಕೆಳಗೆ ಆಸ್ಪತ್ರೆಯ ಸೀಲು. ಹೊರಗೆ ಟ್ರಾಕ್ಟರು ಗುರುಗುಟ್ಟುತ್ತಿತ್ತು. "ಜೋಪಾನವಾಗಿಟ್ಟುಕೊಳ್ಳಿ" ಎಂದು ಸಣ್ಣಮ್ಮನ ಕೈಗೆ ಕೊಟ್ಟೆ. ಅಷ್ಟೇ ಹೇಳಿದ್ದು.

ಕೆ.ಆರ್. ಪೇಟೆಗೆ ವರ್ಗವಾದ ಮೇಲೆ ಅದೇ ಕಿಣ್ವವನ್ನು ಬೇರೆ ಮುಖದಲ್ಲಿ ಕಂಡೆ. ಕಿಕ್ಕೇರಿಯಲ್ಲಿ ಹೆಂಗಸರಿಗಾಗಿ ಶಿಬಿರ ನಡೆಸುತ್ತಿದ್ದೆವು. ಹೊಸಹೊಳಲಿನ ಕಡೆಯಿಂದ ಬಂದ ಒಬ್ಬಾಕೆ, ಮೂರು ಮಕ್ಕಳ ತಾಯಿ, ಬಿಳಿಚಿಕೊಂಡಿದ್ದಳು. ಎಲ್ಲರೂ ಹೋಗುವವರೆಗೆ ಕಾದಿದ್ದು ನನ್ನ ಕಿವಿಯ ಹತ್ತಿರ ಬಂದು, "ಮುಟ್ಟಾದಾಗ ಗಡ್ಡೆ ಗಡ್ಡೆ ಓಯ್ತದೆ ಕನಕ್ಕ. ಒಳ್ಗೆ ಏನೋ ಕೆಟ್ಟೋಗದೆ ಅಂತಾರೆ ನಮ್ಮತ್ತೆ" ಎಂದಳು.

ಅವಳನ್ನು ಕೂರಿಸಿಕೊಂಡು ಹೇಳಿದೆ. ಕೈ ಕುಯ್ದುಕೊಂಡರೆ ರಕ್ತ ಹೆಪ್ಪುಗಟ್ಟುತ್ತದೆ. ತಿಂಗಳಿನ ರಕ್ತ ಸಾಮಾನ್ಯವಾಗಿ ಹೆಪ್ಪುಗಟ್ಟದೆ ಹರಿದುಹೋಗುತ್ತದೆ. ಏಕೆಂದರೆ ಗರ್ಭಕೋಶದಲ್ಲಿ ಆ ಕರಗಿಸುವ ಕಿಣ್ವ ಎಚ್ಚರವಾಗಿರುತ್ತದೆ. ಸ್ರಾವ ತೀರ ಜಾಸ್ತಿಯಾದಾಗ ಅದಕ್ಕೆ ಕೈ ಸಾಲದೆ ಗಡ್ಡೆಗಳು ಉಳಿಯುತ್ತವೆ. ಒಳಗೇನೂ ಕೊಳೆತಿಲ್ಲ, ನಿನ್ನ ತಪ್ಪೂ ಅಲ್ಲ, ಆದರೆ ರಕ್ತ ಹೋಗುವುದನ್ನು ನಿಲ್ಲಿಸಬೇಕು. ಅವಳ ಕಣ್ಣು ಅರಳಿತು. "ಇಂಗಂತ ಯಾರೂ ಯೇಳ್ಳೇ ಇಲ್ವಲ್ಲಕ್ಕ!" ಎಂದಳು. ಡಾಕ್ಟರು ಆ ಕಿಣ್ವದ ಆರ್ಭಟವನ್ನು ತಗ್ಗಿಸುವ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಕೊಟ್ಟರು. ಎರಡು ತಿಂಗಳ ಮೇಲೆ ಬಂದಾಗ ಕೆನ್ನೆಗೆ ಬಣ್ಣ ಬಂದಿತ್ತು, ಅತ್ತೆಯನ್ನೂ ಕರೆತಂದಿದ್ದಳು. ಅತ್ತೆಗೂ ಇನ್ನೊಂದು ಸಲ ಪೂರ್ತಿ ಪಾಠ ಹೇಳಿದೆ.

ಪಾಂಡವಪುರದಲ್ಲಿ ಎಬ್ಬಿಸಿದ್ದನ್ನು ಇಲ್ಲಿ ಮಲಗಿಸುತ್ತಿದ್ದೆವು. ಒಳ್ಳೆಯದು ಕೆಟ್ಟದ್ದು ಎಂಬುದು ಆ ಕಿಣ್ವದಲ್ಲಿಲ್ಲ, ಎಲ್ಲಿ, ಎಷ್ಟು, ಯಾವಾಗ ಎಂಬುದರಲ್ಲಿದೆ ಎಂದು ಹೊಸ ನರ್ಸುಗಳಿಗೆ ಹೇಳಿಕೊಡುತ್ತಿದ್ದೆ. ಏಕೆ ಎಂದು ತಿಳಿಸಿದರೆ ಜನ ಎಷ್ಟು ಬೇಗ ಹಗುರಾಗುತ್ತಾರೆ ಎಂದು ಬೀಗುತ್ತಿದ್ದೆ ಕೂಡ. ಬೋರೇಗೌಡರಿಗೆ ಕೊಟ್ಟ ಚೀಟಿಯಲ್ಲಿ ಆ 'ಏಕೆ' ಇರಲಿಲ್ಲ ಎಂಬುದು ಮಾತ್ರ ಒಂದು ದಿನವೂ ನನ್ನ ತಲೆಗೆ ಹೊಳೆಯಲಿಲ್ಲ.

ದಶಕ ಮುಗಿಯುತ್ತ ಬಂದಾಗ ಶ್ರೀರಂಗಪಟ್ಟಣದಲ್ಲಿದ್ದೆ. ಆ ಹೊತ್ತಿಗೆ ಸ್ಟ್ರೆಪ್ಟೋಕೈನೇಸ್ ಅಷ್ಟು ಅಪರೂಪದ ವಸ್ತುವಾಗಿರಲಿಲ್ಲ. ನಾನು ಹೆರಿಗೆ ವಾರ್ಡಿನ ಕೆಲಸದಲ್ಲಿದ್ದೆ. ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಬಿ.ಪಿ. ಉಪಕರಣ ಕೆಟ್ಟಿತೆಂದು ತುರ್ತು ಕೋಣೆಯದನ್ನು ಕೇಳಲು ಹೋದೆ. ಮಂಚದ ಮೇಲೆ ಒಬ್ಬರು ಮಲಗಿದ್ದರು, ಮುಖಕ್ಕೆ ಆಮ್ಲಜನಕದ ಮಾಸ್ಕು. ಸೊರಗಿದ ದೇಹ, ಬಿಳಿ ಗಡ್ಡ. ಗಂಜಾಂನ ನಿಮಿಷಾಂಬ ದೇವಸ್ಥಾನಕ್ಕೆ ಬಂದಿದ್ದಾಗ ಎದೆನೋವು ಬಂದಿದೆಯೆಂದು ಆಟೋದಲ್ಲಿ ಕರೆತಂದಿದ್ದರು. ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರು ಇಸಿಜಿ ನೋಡುತ್ತಿದ್ದರು. ನಾನೇ ಕಲಿಸಿದ ಶೋಭಾ ಎಂಬ ನರ್ಸು ಸೀಸೆಯನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸುತ್ತಿದ್ದಳು. ನನಗೆ ಹೆಮ್ಮೆಯಾಯಿತು.

"ಎಲ್ಲಾ ಕೇಳಿದೆಯಾ?" ಎಂದೆ.

"ಕೇಳಿದೆ ಮೇಡಂ. ಮಂಗಳಾರತಿ ಹೊತ್ತಿಗೆ ನೋವು ಶುರುವಾಗಿದ್ದು, ಒಂದು ಗಂಟೆ ಆಗಿದೆ. ಸೂಜಿ ಹಾಕಿಸಿಲ್ಲ. ಈ ಔಷಧಿ ಹಿಂದೆ ಯಾವತ್ತೂ ತಗೊಂಡಿಲ್ಲವಂತೆ, ಮನೆಯವರೇ ಹೇಳಿದ್ರು."

ಮನೆಯವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ನಾನು ಉಪಕರಣ ಎತ್ತಿಕೊಂಡು ಬಾಗಿಲ ಕಡೆ ತಿರುಗಿದೆ. ಹಿಂದಿನಿಂದ, ಮಾಸ್ಕನ್ನು ಒಂದಿಷ್ಟು ಸರಿಸಿ, ಕ್ಷೀಣವಾದ ದನಿ ಕೇಳಿಸಿತು.

"ಈ ಸಲ ನೊರೆನೇ ಬರ್ಲಿಲ್ವಲ್ಲ ನರ್ಸಮ್ಮ."

ಅಲ್ಲೇ ನಿಂತೆ. ತಿರುಗಿ ಆ ಮುಂಗೈ ನೋಡಿದೆ. ಪಾಕ ಸಿಡಿದ ಸುಟ್ಟ ಕಲೆಗಳು.

"ಶೋಭಾ, ಹಾಕಬೇಡ!" ಎಂದು ಕಿರುಚಿದೆ. ಡ್ರಿಪ್ಪಿನ ಬಾಟಲಿಗೆ ಸೂಜಿ ಚುಚ್ಚಲು ಹೊರಟಿದ್ದ ಅವಳ ಕೈ ಹಾಗೇ ನಿಂತಿತು. ಡಾಕ್ಟರಿಗೆ ಎರಡೇ ಮಾತಿನಲ್ಲಿ ಹೇಳಿದೆ. ಇವರಿಗೆ ಪಾಂಡವಪುರದಲ್ಲಿ ನಾನೇ ಕೈಯಾರೆ ಇದೇ ಔಷಧಿ ಕೊಟ್ಟಿದ್ದೇನೆ, ಮತ್ತೆ ಕೊಡಕೂಡದು. ಆಮೇಲೆ ಗೋಡೆಯ ಕಡೆ ನಿಂತವರ ಭುಜ ಹಿಡಿದು ತಿರುಗಿಸಿದೆ.

"ಸಣ್ಣಮ್ಮ, ನಾನು ಕೊಟ್ಟ ಚೀಟಿ ಎಲ್ಲಿ?"

ಸಣ್ಣಮ್ಮ ಸೊಂಟದ ಎಲೆಅಡಿಕೆ ಚೀಲದಿಂದ ನಾಲ್ಕು ಮಡಿಕೆಯಾದ ರಟ್ಟನ್ನು ತೆಗೆದರು. ಕೆಂಪು ಮಸಿ ಹಾಗೇ ಇತ್ತು. ಅಷ್ಟು ವರ್ಷ ಜೋಪಾನವಾಗಿಯೇ ಇಟ್ಟುಕೊಂಡಿದ್ದರು.

"ಇಟ್ಕೊಂಡೂ ಯಾಕೆ ತೋರಿಸಲಿಲ್ಲ?" ನನ್ನ ದನಿ ಜೋರಾಗಿಯೇ ಇತ್ತು.

"ಒಬ್ರುಗೆ ಒಂದೇ ಸಲ ಅಂತ ನೀವೇ ಬರ್ದಿದ್ರಲ್ಲವ್ವ" ಎಂದರು, ಅಳುತ್ತ. "ಸೊಸೈಟೀಲಿ ಒಂದ್ ಕಾರ್ಡ್‌ಗೆ ಒಂದೇ ಪಾಲು ಸಕ್ರೆ ಕೊಡಾಕಿಲ್ವಾ, ಅಂಗೇ ಅನ್ಕಂಡೆ. ಇವ್ರ ಪಾಲು ಆಗ್ಲೇ ಇಸ್ಕಂಡವ್ರೆ ಅಂತ ಗೊತ್ತಾದ್ರೆ ವಾಪಸ್ ಕಳುಸ್ಬುಡ್ತೀರಿ. ಇವ್ರು ಸತ್ತೋಯ್ತಾರೆ. ಅದ್ಕೇ ಬಚ್ಚಿಟ್ಕಂಡೆ. ದೊಡ್ಡ್ ತಪ್ಪಾ?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆ ಹೆಂಗಸು ನಾನು ಬರೆದ ಒಂದೊಂದು ಮಾತನ್ನೂ ಸರಿಯಾಗಿಯೇ ಓದಿಸಿಕೊಂಡಿದ್ದಳು. ಕಾರಣ ಬರೆಯದೆ ಬಿಟ್ಟವಳು ನಾನು. ಬಿಟ್ಟ ಜಾಗಕ್ಕೆ ಆಕೆ ತನಗೆ ಗೊತ್ತಿದ್ದ ಸರ್ಕಾರದ ಕಾರಣವನ್ನು ತುಂಬಿಕೊಂಡಿದ್ದಳು. ಗಂಡನನ್ನು ಉಳಿಸಿಕೊಳ್ಳಲು ಹೇಳಿದ ಸುಳ್ಳು ಅವನನ್ನೇ ಕೊಲ್ಲುವುದರಲ್ಲಿತ್ತು.

"ತಪ್ಪು ನಿಮ್ಮದಲ್ಲ ಸಣ್ಣಮ್ಮ, ನನ್ನದು" ಎಂದೆ. "ಇನ್ನೊಂದು ಔಷಧಿ ಇದೆ. ಯಾರೂ ವಾಪಸ್ ಕಳಿಸೋದಿಲ್ಲ. ಹೊರಡಿ."

ಡಾಕ್ಟರು ಆಸ್ಪಿರಿನ್ ಅಗಿಯಲು ಕೊಟ್ಟು ಮೈಸೂರಿನ ದೊಡ್ಡ ಆಸ್ಪತ್ರೆಗೆ ಫೋನು ಮಾಡಿದರು. ಅಲ್ಲಿ ಯುರೋಕೈನೇಸ್ ಎಂಬ ಔಷಧಿ ಇತ್ತು. ಅದೂ ಅದೇ ಪ್ಲಾಸ್ಮಿನ್ನನ್ನು ಎಬ್ಬಿಸುವಂಥದ್ದೇ, ಆದರೆ ಕ್ರಿಮಿಯಿಂದ ಬಂದದ್ದಲ್ಲ, ಮನುಷ್ಯನ ಮೈಯಲ್ಲೇ ಇರುವ ವಸ್ತು. ಹಾಗಾಗಿ ಮೈ ಅದನ್ನು ಪರಕೀಯವೆಂದು ಹೊಡೆಯುವುದಿಲ್ಲ. ನಾನೂ ಆಂಬುಲೆನ್ಸ್ ಹತ್ತಿದೆ. ದಾರಿಯುದ್ದಕ್ಕೂ ಸಣ್ಣಮ್ಮ ನನ್ನ ಕೈ ಹಿಡಿದಿದ್ದರು, ನಾನು ಬೋರೇಗೌಡರ ನಾಡಿ ಹಿಡಿದಿದ್ದೆ. ಮೈಸೂರು ಅಷ್ಟು ದೂರ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಬೆಳಕಿರುವಾಗಲೇ ನೋವು ಇಳಿಯಿತು. ಮರುದಿನ ನೋಡಲು ಹೋದಾಗ ಬೋರೇಗೌಡರು ಇಡ್ಲಿ ಬೇಕೆಂದು ತಕರಾರು ತೆಗೆದಿದ್ದರು. ಈ ಔಷಧಿಯನ್ನು ಮೊದಮೊದಲು ಮನುಷ್ಯರ ಮೂತ್ರದಿಂದ ತೆಗೆಯುತ್ತಿದ್ದರು ಎಂದು ಅಲ್ಲಿಯ ಡಾ‌ಕ್ಟರು ಯಾರಿಗೋ ಹೇಳಿದ್ದು ಇವರ ಕಿವಿಗೆ ಬಿದ್ದಿತ್ತು. ಹಿಂದಿನದು ಗಂಟಲುನೋವಿನ ಕ್ರಿಮಿಯಿಂದ ತೆಗೆದದ್ದೆಂದು ಆಂಬುಲೆನ್ಸಿನಲ್ಲಿ ನಾನೇ ಹೇಳಿದ್ದೆ.

"ಮೊದ್ಲು ಗಂಟ್ಲುನೋವಿನ ಉಳದ್ದು, ಈಗ ಉಚ್ಚೆದ್ದು!" ಎಂದರು. "ಒಬ್ನ ಬದುಕ್ಸಾಕೆ ಏನೇನ್ ತಡುಕ್ತೀರಿ ನೀವು!"

ಮುಂದಿನ ಸುಗ್ಗಿಯಲ್ಲಿ ಅವರ ಆಲೆಮನೆಗೆ ಹೋದೆ. ಒಲೆಯ ಮುಂದೆ ಮಗ ಕೂತಿದ್ದ, ಬೋರೇಗೌಡರು ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಅಪ್ಪಣೆ ಕೊಡುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ ನೊರೆ ಅಂಚಿಗೆ ಬಂದಿತ್ತು. "ನೋಡ್ಕಳಿ ನರ್ಸಮ್ಮ" ಎಂದು ಕಣ್ಣು ಮಿಟುಕಿಸಿದರು. ಮಗ ಹರಳೆಣ್ಣೆಯ ಒಂದು ತೊಟ್ಟು ಬಿಟ್ಟ. ನೊರೆ ಉಸ್ಸೆಂದು ಕೂತಿತು.

ನಾನು ಹೊಸ ರಟ್ಟು, ಕೆಂಪು ಮಸಿ ತಂದಿದ್ದೆ. ಈ ಸಲ ಒಬ್ಬಳೇ ಬರೆಯಲು ಧೈರ್ಯವಿರಲಿಲ್ಲ. ಬರೆಯುತ್ತ ಬರೆಯುತ್ತ ಸಣ್ಣಮ್ಮನಿಗೆ ಓದಿ ಹೇಳಿದೆ: "ಬೋರೇಗೌಡರ ಮೈ ಸ್ಟ್ರೆಪ್ಟೋಕೈನೇಸ್ ಔಷಧಿಯನ್ನು ಗುರುತು ಹಿಡಿದಿಟ್ಟುಕೊಂಡಿದೆ. ಮತ್ತೆ ಕೊಟ್ಟರೆ ಮೈಯೇ ಅದನ್ನು ಕೆಡಿಸುತ್ತದೆ, ಪ್ರಾಣಕ್ಕೂ ಅಪಾಯ. ಆದ್ದರಿಂದ ಕೊಡಬಾರದು. ಈ ಚೀಟಿಯನ್ನು ಎಲ್ಲಕ್ಕಿಂತ ಮೊದಲು ತೋರಿಸಿ."

ಸರಿಯಾಯಿತೇ ಎಂದೆ. ಸಣ್ಣಮ್ಮ ಇಲ್ಲವೆಂದು ತಲೆಯಲ್ಲಾಡಿಸಿದರು.

"ಇನ್ನೊಂದ್ ಮಾತು ಸೇರ್ಸಿ. ಬ್ಯಾರೆ ಔಷ್ದಿ ಅದೆ, ಅದ ಕೊಡ್ತಾರೆ ಅಂತ ಬರೀರಿ."

"ಅದು ಡಾಕ್ಟರಿಗೆ ಗೊತ್ತಿರತ್ತೆ ಸಣ್ಣಮ್ಮ."

"ಡಾಕ್ಟ್ರುಗಲ್ಲ ಕನವ್ವ, ಚೀಟಿ ಇಟ್ಕಂಡಿರೋಳ್ಗೆ. ಅದಿಲ್ದಿದ್ರೆ ಅವ್ಳು ಬಚ್ಚಿಟ್ಕತಾಳೆ."

ಬರೆದೆ. ಬೋರೇಗೌಡರು ರಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ, ಬಂದವರಿಗೆಲ್ಲ ಮೊದಲು ಕಣ್ಣಿಗೆ ಬೀಳುವ ಹಾಗೆ ಆಲೆಮನೆಯ ಬಾಗಿಲ ಕಂಬಕ್ಕೆ ಮೊಳೆ ಹೊಡೆಸಿದರು. ಅದರದೇ ಇನ್ನೊಂದು ಪ್ರತಿ ಸಣ್ಣಮ್ಮನ ಎಲೆಅಡಿಕೆ ಚೀಲಕ್ಕೆ ಹೋಯಿತು. ಅದಾದ ಮೇಲೆ ನಿವೃತ್ತಿಯಾಗುವವರೆಗೂ ನನ್ನ ಕೈಯಿಂದ ಹೋದ ಪ್ರತಿಯೊಂದು ಚೀಟಿಯ ಕೊನೆಯ ಸಾಲು ಸಣ್ಣಮ್ಮ ಹೇಳಿದ್ದೇ.